ಪೆಟ್ಟಿಗೆಯ ಮೇಲಿನ ಅಂಕಿ, ನಮ್ಮ ಕೈಯ ಅಳತೆ: ಗೇಮಿಂಗ್ ಮೌಸ್ ಕುರಿತು ಮೂರು ಪ್ರಶ್ನೆಗಳು

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಬೆಂಗಳೂರಿನ ಬನಶಂಕರಿಯ ಪಿಜಿಯೊಂದರಲ್ಲಿದ್ದೇನೆ, ಲ್ಯಾಪ್‌ಟಾಪ್‌ನಲ್ಲಿ ವ್ಯಾಲರಂಟ್ ಎಂಬ, ಗುರಿಯಿಟ್ಟು ಗುಂಡು ಹಾರಿಸುವ ಆಟ ಆಡುತ್ತೇನೆ. ಗೇಮಿಂಗ್ ಮೌಸ್ ಕೊಳ್ಳಲು 2,000 ರೂಪಾಯಿ ಕೂಡಿಟ್ಟಿದ್ದೇನೆ. ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ 12,800 ಡಿಪಿಐ ಎಂದು ಬರೆದಿರುವ, ಹೆಸರೇ ಕೇಳದ ಕಂಪನಿಯ ಮೌಸ್ 700 ರೂಪಾಯಿಗೆ ಸಿಗುತ್ತಿದೆ. 8,000 ಡಿಪಿಐಯ ಲಾಜಿಟೆಕ್ ಜಿ102 ಮೌಸ್‌ಗೆ ಅದರ ಎರಡರಷ್ಟು ಬೆಲೆ ಹೇಳುತ್ತಾರೆ. ಅಂಕಿ ಕಡಿಮೆಯಿರುವುದಕ್ಕೆ ಬೆಲೆ ಹೆಚ್ಚೇಕೆ? ನಾನು ಯಾವುದನ್ನು ಕೊಳ್ಳಬೇಕು?

ಉತ್ತರ: ಡಿಪಿಐ ಎಂಬುದು ಮೌಸ್‌ನ ಗುಣಮಟ್ಟದ ಅಳತೆಯಲ್ಲ. ಮೌಸನ್ನು ಒಂದು ಇಂಚು ಸರಿಸಿದಾಗ ಅದು ಕಂಪ್ಯೂಟರಿಗೆ ಎಷ್ಟು ಹೆಜ್ಜೆಗಳ ಲೆಕ್ಕ ಕಳುಹಿಸುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ನೀವು ಆಡುವ ಆಟದಲ್ಲಿಯೇ ಇದನ್ನು ಲೆಕ್ಕ ಹಾಕಿ ನೋಡಬಹುದು. ವ್ಯಾಲರಂಟ್‌ನಲ್ಲಿ ಮೌಸ್ 800 ಡಿಪಿಐ, ಆಟದ ಸೆನ್ಸಿಟಿವಿಟಿ (ಮೌಸ್‌ನ ಚಲನೆಗೆ ಆಟ ಎಷ್ಟು ಚುರುಕಾಗಿ ತಿರುಗಬೇಕು ಎಂಬ ಸೆಟ್ಟಿಂಗ್) 0.4 ಎಂದು ಇಟ್ಟುಕೊಂಡರೆ, ನಿಮ್ಮ ಪಾತ್ರ ಒಂದು ಪೂರ್ತಿ ಸುತ್ತು ತಿರುಗಲು ಮೌಸನ್ನು ಸುಮಾರು 41 ಸೆಂ.ಮೀ. ಸರಿಸಬೇಕಾಗುತ್ತದೆ. ಅದೇ ಸೆನ್ಸಿಟಿವಿಟಿಯನ್ನು ಹಾಗೆಯೇ ಉಳಿಸಿ ಡಿಪಿಐಯನ್ನು 12,800ಕ್ಕೆ ಏರಿಸಿದರೆ ಎರಡೂವರೆ ಸೆಂ.ಮೀ. ಸರಿಸುವಷ್ಟರಲ್ಲಿ ಪಾತ್ರ ಒಂದು ಸುತ್ತು ತಿರುಗಿ ಮುಗಿಸಿರುತ್ತದೆ. ಇಷ್ಟು ಚುರುಕಾದ ಮೌಸ್‌ನಿಂದ ದೂರದಲ್ಲಿ ನಿಂತ ಎದುರಾಳಿಯ ತಲೆಗೆ ಗುರಿಯಿಡುವುದು ಮನುಷ್ಯರ ಕೈಗೆ ಸಾಧ್ಯವಾಗುವ ಕೆಲಸವಲ್ಲ. ಈ ಬಗೆಯ ಆಟಗಳಲ್ಲಿ ನುರಿತವರು ಬಹುಪಾಲು 400ರಿಂದ 1,600 ಡಿಪಿಐಯ ಒಳಗೇ ಆಡುತ್ತಾರೆ. 800 ಅವರಲ್ಲಿ ಬಹಳ ಜನರ ಆಯ್ಕೆ. ಆದ್ದರಿಂದ ನೀವು ಹೇಳಿದ ಎರಡೂ ಮೌಸ್‌ಗಳ ಮೇಲಿನ ಅಂಕಿಯಲ್ಲಿ ಹೆಚ್ಚಿನ ಪಾಲು ನಿಮ್ಮ ಉಪಯೋಗಕ್ಕೆ ಬರುವುದೇ ಇಲ್ಲ.

ಬೆಲೆಯ ವ್ಯತ್ಯಾಸ ಇರುವುದು ಒಳಗಿನ ಸೆನ್ಸರ್‌ನಲ್ಲಿ. ಮೌಸ್‌ನ ತಳದಲ್ಲಿರುವುದು ಬಹಳ ಸಣ್ಣದೊಂದು ಕ್ಯಾಮೆರಾ. ಅದು ಪುಟ್ಟ ಎಲ್‌ಇಡಿಯ ಬೆಳಕಿನಲ್ಲಿ ಮೇಜಿನ ಮೇಲ್ಮೈಯನ್ನು ಸೆಕೆಂಡಿಗೆ ಸಾವಿರಾರು ಬಾರಿ ಚಿತ್ರ ತೆಗೆಯುತ್ತದೆ ಮತ್ತು ಒಂದು ಚಿತ್ರಕ್ಕೂ ಮುಂದಿನದಕ್ಕೂ ಆದ ಬದಲಾವಣೆಯಿಂದ ಕೈ ಎತ್ತ, ಎಷ್ಟು ಚಲಿಸಿತು ಎಂದು ತಿಳಿಯುತ್ತದೆ. ಕೈ ತೀರ ವೇಗವಾಗಿ ಬೀಸಿದಾಗ ಎರಡು ಚಿತ್ರಗಳಿಗೆ ಹೋಲಿಕೆಯೇ ಸಿಗದೆ ಸೆನ್ಸರ್ ದಾರಿ ತಪ್ಪುತ್ತದೆ. ಪರದೆಯ ನೋಟ ಇದ್ದಕ್ಕಿದ್ದಂತೆ ನೆಲದ ಕಡೆಗೋ ಆಕಾಶದ ಕಡೆಗೋ ಹೊರಳುತ್ತದೆ. ಹೀಗೆ ದಾರಿ ತಪ್ಪದೆ ಎಷ್ಟು ವೇಗವನ್ನು ತಾಳಿಕೊಳ್ಳಬಲ್ಲದು ಎಂಬುದೇ ಸೆನ್ಸರಿನ ನಿಜವಾದ ಯೋಗ್ಯತೆ. ಪಿಕ್ಸ್‌ಆರ್ಟ್ ಕಂಪನಿಯ 3325 ಎಂಬ ಸಾಧಾರಣ ಸೆನ್ಸರ್‌ಗೆ ಹೇಳಿರುವ ಮಿತಿ ಸೆಕೆಂಡಿಗೆ 100 ಇಂಚು, ಅಂದರೆ ಎರಡೂವರೆ ಮೀಟರ್. ಅದೇ ಕಂಪನಿಯ 3360 ಸೆನ್ಸರ್‌ಗೆ ಅದು 250 ಇಂಚು, ಅಂದರೆ ಆರು ಮೀಟರಿಗೂ ಹೆಚ್ಚು. ಕಡಿಮೆ ಸೆನ್ಸಿಟಿವಿಟಿಯಲ್ಲಿ ಆಡುವವರು ಬೆನ್ನ ಹಿಂದಿನ ಸದ್ದಿಗೆ ತಿರುಗುವಾಗ ಮುಂಗೈಯನ್ನಿಡೀ ಬೀಸುವುದರಿಂದ ಈ ಅಂತರ ಅವರ ಆಟದಲ್ಲಿ ಎದ್ದು ಕಾಣುತ್ತದೆ.

ಅಗ್ಗದ ಮೌಸ್‌ಗಳ ಪೆಟ್ಟಿಗೆಯ ಮೇಲಿನ 12,800 ಎಂಬ ಅಂಕಿ ಹಲವು ಬಾರಿ ಸೆನ್ಸರಿನ ಸ್ವಂತ ಶಕ್ತಿಯಾಗಿರುವುದಿಲ್ಲ. ಸೆನ್ಸರ್ ಒಂದು ಹೆಜ್ಜೆ ಕಂಡಾಗ ಒಳಗಿನ ಚಿಪ್ ಅದನ್ನು ಎರಡು ಅಥವಾ ನಾಲ್ಕು ಎಂದು ಹೆಚ್ಚಿಸಿ ಕಳುಹಿಸುತ್ತದೆ. ಹಾಲಿಗೆ ನೀರು ಬೆರೆಸಿ ಅಳತೆ ಹೆಚ್ಚಿಸಿದ ಹಾಗೆ ಇದು. ಲೆಕ್ಕ ಬೆಳೆಯುತ್ತದೆ, ಸತ್ವ ಬೆಳೆಯುವುದಿಲ್ಲ. ಯಾವ ಸೆನ್ಸರ್ ಬಳಸಿದ್ದಾರೆ ಎಂಬುದನ್ನು ಪೆಟ್ಟಿಗೆಯ ಮೇಲಾಗಲಿ ತಮ್ಮ ಜಾಲತಾಣದಲ್ಲಾಗಲಿ ಹೇಳದೆ ಡಿಪಿಐಯನ್ನು ಮಾತ್ರ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿರುವ ಮೌಸನ್ನು ನಾನಂತೂ ಯಾರಿಗೂ ಶಿಫಾರಸು ಮಾಡುವುದಿಲ್ಲ. ಕೂಡಿಟ್ಟ ಹಣದಲ್ಲಿ ಕೊಳ್ಳುವ ವಿದ್ಯಾರ್ಥಿಗಳೇ ಇಂತಹ ಅಂಕಿಗಳಿಗೆ ಹೆಚ್ಚಾಗಿ ಬಲಿಬೀಳುವುದನ್ನು ಕಂಡು ನನಗೆ ಬೇಸರವಾಗುತ್ತದೆ.

ಹಾಗೆಂದು ಸೆನ್ಸರ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಹೆಸರಾಂತ ಕಂಪನಿಗಳ 1,500 ರೂಪಾಯಿ ಆಸುಪಾಸಿನ ತಂತಿ ಮೌಸ್‌ಗಳ ಸೆನ್ಸರ್‌ಗಳು ಈಗ ನಿಮ್ಮ ಆಟಕ್ಕೆ ಸಾಕಾಗುವಷ್ಟು ಚೆನ್ನಾಗಿವೆ. ಅಲ್ಲಿಂದ ಮುಂದೆ ಆಯ್ಕೆ ನಡೆಯಬೇಕಾದದ್ದು ಆಕಾರದ ಮೇಲೆ, ಅದರಲ್ಲೂ ನಿಮ್ಮ ಕೈಯ ಅಳತೆಯ ಮೇಲೆ. ಅಂಗಡಿಗೆ ಹೋಗುವ ಮುನ್ನ ಬಲಗೈಯನ್ನು ಮೇಜಿನ ಮೇಲೆ ಚಾಚಿ, ಮಣಿಕಟ್ಟಿನ ಗೆರೆಯಿಂದ ನಡುಬೆರಳ ತುದಿಯವರೆಗೆ ಸ್ಕೇಲಿನಿಂದ ಅಳೆದುಕೊಳ್ಳಿ. ಆ ಉದ್ದದ ಸುಮಾರು 60 ಶೇಕಡಾ ಮೌಸ್‌ನ ಉದ್ದವಿರಬೇಕು ಎಂಬುದು ಆಟಗಾರರು ಅನುಭವದಿಂದ ಕಂಡುಕೊಂಡ ಸ್ಥೂಲ ಲೆಕ್ಕ. 18 ಸೆಂ.ಮೀ. ಕೈಗೆ ಸುಮಾರು 11 ಸೆಂ.ಮೀ., 20 ಸೆಂ.ಮೀ. ಕೈಗೆ 12 ಸೆಂ.ಮೀ. ಎಂದಾಯಿತು. ಜಿ102 ಸುಮಾರು 11.7 ಸೆಂ.ಮೀ. ಉದ್ದ, 85 ಗ್ರಾಂ ತೂಕ ಇದೆ. ಇದೇ ಬೆಲೆಯ ಸುತ್ತ ಸಿಗುವ ರೇಜರ್ ಡೆತ್‌ಆಡರ್ ಎಸೆನ್ಶಿಯಲ್ 12.7 ಸೆಂ.ಮೀ. ಉದ್ದ, 96 ಗ್ರಾಂ ತೂಕ.

ಹಿಡಿಯುವ ರೀತಿಯನ್ನೂ ಗಮನಿಸಬೇಕು. ಅಂಗೈಯನ್ನು ಪೂರ್ತಿಯಾಗಿ ಮೌಸ್ ಮೇಲೆ ಒರಗಿಸುವವರಿಗೆ ಬೆನ್ನು ಉಬ್ಬಿದ, ಉದ್ದನೆಯ ಮೌಸ್ ಬೇಕು. ಡೆತ್‌ಆಡರ್ ಅಂತಹ ಕೈಗೆ, ಅದೂ ದೊಡ್ಡ ಕೈಗೆ ಹೊಂದುತ್ತದೆ. ಬೆರಳುಗಳನ್ನು ಬಾಗಿಸಿ ತುದಿಗಳಿಂದ ಕ್ಲಿಕ್ ಮಾಡುವವರಿಗೆ, ಅಂಗೈಯ ಹಿಂಭಾಗವಷ್ಟೇ ಮೌಸ್‌ಗೆ ತಾಗುವವರಿಗೆ, ಜಿ102ರಂತಹ ಗಿಡ್ಡ ಮೌಸ್ ಹೆಚ್ಚು ಹಗುರ ಎನಿಸುತ್ತದೆ. ನೀವು ಯಾವ ಬಗೆಯವರು ಎಂದು ತಿಳಿಯಲು ಈಗಿನ ಮೌಸ್‌ನಲ್ಲಿಯೇ ಆಡುವಾಗ ಗೆಳೆಯರೊಬ್ಬರಿಗೆ ಹೇಳಿ ನಿಮ್ಮ ಕೈಯ ಫೋಟೊ ತೆಗೆಸಿಕೊಳ್ಳಿ. ಅಂಗಡಿಯಲ್ಲಿ ಪ್ರಜ್ಞಾಪೂರ್ವಕವಾಗಿ ಹಿಡಿಯುವ ರೀತಿಯೇ ಬೇರೆ, ಆಟ ಬಿಸಿಯೇರಿದಾಗ ಹಿಡಿಯುವ ರೀತಿಯೇ ಬೇರೆ. ಹತ್ತು ನಿಮಿಷ ಹಿಡಿದ ಮೇಲೆ ಉಂಗುರ ಬೆರಳೂ ಕಿರುಬೆರಳೂ ಮಡಚಿಕೊಳ್ಳಲು ಜಾಗವಿಲ್ಲದೆ ಮೇಜಿಗೆ ಉಜ್ಜುತ್ತಿದ್ದರೆ, ಅಥವಾ ಮೌಸನ್ನು ಎತ್ತಿ ಇಡಲು ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಬೇಕಾಗಿ ಬಂದರೆ, ಆ ಮೌಸ್ ಎಷ್ಟೇ ಹೊಗಳಿಕೆ ಪಡೆದಿರಲಿ, ನಿಮ್ಮದಲ್ಲ.

ಉಳಿದವನ್ನು ಚಿಕ್ಕದಾಗಿ ಹೇಳಬಹುದು. ಪೋಲಿಂಗ್ ರೇಟ್ 1,000 ಹರ್ಟ್ಜ್ ಇರಲಿ. ಆಗ ಮೌಸ್ ಪ್ರತಿ ಮಿಲಿಸೆಕೆಂಡಿಗೊಮ್ಮೆ ವರದಿ ಕೊಡುತ್ತದೆ, ಕಚೇರಿಯ ಸಾಮಾನ್ಯ ಮೌಸ್ ಎಂಟು ಮಿಲಿಸೆಕೆಂಡಿಗೊಮ್ಮೆ ಕೊಡುತ್ತದೆ. ಮೇಲೆ ಹೇಳಿದ ಜಿ102, ಡೆತ್‌ಆಡರ್ ಎರಡರಲ್ಲೂ 1,000 ಹರ್ಟ್ಜ್ ಇದೆ. ಬಣ್ಣದ ದೀಪಗಳಿಂದ ಆಟಕ್ಕೆ ಯಾವ ಪ್ರಯೋಜನವೂ ಇಲ್ಲ. ಲಾಜಿಟೆಕ್‌ನ ತಂತಿಯಿಲ್ಲದ ಜಿ304 ಒಳ್ಳೆಯ ಮೌಸೇ ಹೌದು, ಆದರೆ ಅದು ಸಾಮಾನ್ಯವಾಗಿ ನಿಮ್ಮ ಮಿತಿಯನ್ನು ದಾಟುತ್ತದೆ, ಒಂದು ಎಎ ಸೆಲ್ ಸೇರಿ 99 ಗ್ರಾಂ ತೂಗುತ್ತದೆ. 700 ರೂಪಾಯಿಯ ತಂತಿಯಿಲ್ಲದ ಗೇಮಿಂಗ್ ಮೌಸ್‌ಗಳ ಕಡೆ ನೋಡುವುದೂ ಬೇಡ.

2,000 ರೂಪಾಯಿಯಲ್ಲಿ ಉಳಿಯುವ ಹಣವನ್ನು ಬಟ್ಟೆಯ ಮೌಸ್ ಪ್ಯಾಡ್‌ಗೆ ಹಾಕಿ. ಪಿಜಿಗಳ ಸನ್‌ಮೈಕಾ ಹಾಸಿದ ಹೊಳೆಯುವ ಮೇಜಿನ ಮೇಲೆ ಒಳ್ಳೆಯ ಸೆನ್ಸರ್ ಕೂಡ ತಡವರಿಸಬಹುದು. ಗಾಜಿನ ಮೇಲಂತೂ ಈ ಬೆಲೆಯ ಮೌಸ್‌ಗಳು ನಡೆಯುವುದಿಲ್ಲ. ಲ್ಯಾಪ್‌ಟಾಪ್ ಇಟ್ಟ ಮೇಲೆ ಬಲಗಡೆ ಎಷ್ಟು ಜಾಗ ಉಳಿಯುತ್ತದೆ ಎಂದು ಅಳೆದು ನೋಡಿ. 41 ಸೆಂ.ಮೀ. ಲೆಕ್ಕವನ್ನು ಮೊದಲೇ ಹೇಳಿದ್ದು ಇದಕ್ಕಾಗಿಯೂ ಹೌದು: ಇರುವ ಜಾಗ 25 ಸೆಂ.ಮೀ. ಮಾತ್ರವಾದರೆ ಸೆನ್ಸಿಟಿವಿಟಿಯನ್ನು ಸ್ವಲ್ಪ ಏರಿಸಿಕೊಳ್ಳುವುದೇ ವಾಸಿ, ಇಲ್ಲದಿದ್ದರೆ ಪ್ರತಿ ತಿರುವಿಗೂ ಮೌಸ್ ಎತ್ತಿ ಎತ್ತಿ ಇಡಬೇಕಾಗುತ್ತದೆ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ಗಳಲ್ಲಿ ‘ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್’ ಎಂಬುದರ ಗುರುತನ್ನು ತೆಗೆದುಬಿಡಿ. ಅದು ಕೈಯ ವೇಗಕ್ಕೆ ತಕ್ಕಂತೆ ದೂರವನ್ನು ಹಿಗ್ಗಿಸುವುದರಿಂದ, ಆ ವ್ಯವಸ್ಥೆಯನ್ನು ಅನುಸರಿಸುವ ಆಟಗಳಲ್ಲಿ ಕೈಗೆ ಅಭ್ಯಾಸ ಕೂಡುವುದು ಕಷ್ಟ.

ಕೊಳ್ಳುವುದಕ್ಕೆ ಎಸ್.ಪಿ. ರಸ್ತೆಗೇ ಹೋಗಿ. ಹಸಿರು ಮಾರ್ಗದ ಮೆಟ್ರೊದಲ್ಲಿ ಬನಶಂಕರಿಯಿಂದ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ನೇರವಾಗಿ ಬರಬಹುದು. ಆನ್‌ಲೈನ್‌ನಲ್ಲಿ ಬೆಲೆ ಕೆಲವೊಮ್ಮೆ ನೂರಿನ್ನೂರು ಕಡಿಮೆಯಿದ್ದರೂ ಕೈಯಲ್ಲಿ ಹಿಡಿದು ನೋಡುವ ಅವಕಾಶಕ್ಕೆ ಅಷ್ಟು ಕೊಡುವುದು ತಪ್ಪಲ್ಲ. ಅಂಗಡಿಯವರನ್ನು ಕೇಳಿ ಮೌಸನ್ನು ಕಂಪ್ಯೂಟರಿಗೆ ಜೋಡಿಸಿ, ಪೇಂಟ್ ತೆರೆದು ನಿಧಾನವಾಗಿ ಓರೆ ಗೆರೆಗಳನ್ನು ಎಳೆಯಿರಿ. ನಿಮ್ಮ ಕೈಯ ಸಹಜ ನಡುಕವೂ ಇಲ್ಲದೆ ಗೆರೆ ತಾನಾಗಿ ನೆಟ್ಟಗಾಗುತ್ತಿದ್ದರೆ ಮೌಸ್ ನಿಮ್ಮ ಚಲನೆಯನ್ನು ತಿದ್ದುತ್ತಿದೆ ಎಂದರ್ಥ. ಗುರಿಯಿಡುವ ಆಟಕ್ಕೆ ಅದು ಬೇಡ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರುವ ಚೀಟಿ ಇದೆಯೇ ನೋಡಿ. ವಿದೇಶದಿಂದ ತಂದ ಪೊಟ್ಟಣದ ಸರಕಿನ ಮೇಲೆ ಇವನ್ನು ನಮೂದಿಸುವುದು ಕಾನೂನಿನ ಪ್ರಕಾರ ಕಡ್ಡಾಯ, ಮತ್ತು ನಕಲಿ ಮಾಲಿನ ಮೇಲೆ ಈ ಚೀಟಿ ಹಲವು ಬಾರಿ ಇರುವುದಿಲ್ಲ. ಜಿಎಸ್‌ಟಿ ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಆ ಬಿಲ್ ಎಷ್ಟು ಬೆಲೆಬಾಳುತ್ತದೆ ಎಂಬುದು ಕೆಳಗಿನ ಮೂರನೆಯ ಪ್ರಶ್ನೆಯಿಂದ ತಿಳಿಯುತ್ತದೆ.

ಪ್ರಶ್ನೆ: ನನ್ನ ಮಗಳು ಎಡಗೈಯವಳು, ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅವಳಿಗೆ ಹೊಂದುವ ಗೇಮಿಂಗ್ ಮೌಸ್ ಕಡಿಮೆ ಬೆಲೆಯಲ್ಲಿ ಸಿಗುತ್ತದೆಯೇ? – ತಂದೆಯೊಬ್ಬರು, ಮಲ್ಲೇಶ್ವರ

ಉತ್ತರ: ಎಡಗೈಗೆಂದೇ ಮಾಡಿದ ಮೌಸ್‌ಗಳು ವಿರಳ, ಬೆಲೆಯೂ ಹೆಚ್ಚು. ಎಡಬಲ ಸಮಾನವಾಗಿರುವ ಆಕಾರದ ಮೌಸನ್ನು ಆರಿಸಿಕೊಳ್ಳಿ. ಮೇಲೆ ಹೇಳಿದ ಜಿ102 ಅಂತಹುದು. ಡೆತ್‌ಆಡರ್ ಬಲಗೈಗೆ ಬಾಗಿಸಿದ ಆಕಾರದ್ದಾದ್ದರಿಂದ ಅವಳಿಗೆ ಹೊಂದುವುದಿಲ್ಲ. ಜಿ102ರಲ್ಲಿಯೂ ಪಕ್ಕದ ಎರಡು ಗುಂಡಿಗಳು ಎಡಬದಿಯಲ್ಲಿ ಮಾತ್ರ ಇರುವುದರಿಂದ ಅವಳ ಉಂಗುರ ಬೆರಳು ಅವುಗಳ ಮೇಲೆ ಬೀಳುತ್ತದೆ. ಆಟದ ನಡುವೆ ಅರಿವಿಲ್ಲದೆ ಒತ್ತಿಹೋಗದಂತೆ ಅವನ್ನು ಕಂಪನಿಯ ಜಿ ಹಬ್ ಎಂಬ ತಂತ್ರಾಂಶದಲ್ಲಿ ನಿಷ್ಕ್ರಿಯಗೊಳಿಸಿ. ಎಡ ಮತ್ತು ಬಲ ಕ್ಲಿಕ್‌ಗಳನ್ನು ಅದಲು ಬದಲು ಮಾಡುವುದನ್ನೂ ಅಲ್ಲಿಯೇ ಮಾಡುವುದು ಮೇಲು, ಏಕೆಂದರೆ ವಿಂಡೋಸ್‌ನಲ್ಲಿ ಮಾಡಿದ ಬದಲಾವಣೆಯನ್ನು ಕೆಲವು ಆಟಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೀಬೋರ್ಡಿನಲ್ಲಿ ಬಲಗೈಗೆ ಬಾಣದ ಕೀಲಿಗಳನ್ನೋ ಐ, ಜೆ, ಕೆ, ಎಲ್ ಕೀಲಿಗಳನ್ನೋ ಹೊಂದಿಸಿಕೊಡಿ. ಬಲಗೈಯಲ್ಲೇ ರೂಢಿ ಮಾಡಿಕೋ ಎಂದು ಅವಳನ್ನು ದಯವಿಟ್ಟು ಒತ್ತಾಯಿಸಬೇಡಿ. ಅವಳಾಗಿಯೇ ಬಲಗೈಯಲ್ಲಿ ಆಡಲು ಇಷ್ಟಪಟ್ಟರೆ ಅದು ಬೇರೆ ಮಾತು.

ಪ್ರಶ್ನೆ: ಒಂದು ವರ್ಷ ಎರಡು ತಿಂಗಳ ಹಿಂದೆ ಕೊಂಡ ಗೇಮಿಂಗ್ ಮೌಸ್ ಈಗ ಒಂದು ಸಲ ಒತ್ತಿದರೆ ಎರಡು ಸಲ ಕ್ಲಿಕ್ ಆಗುತ್ತಿದೆ. ಪೆಟ್ಟಿಗೆಯ ಮೇಲೆ ಎರಡು ಕೋಟಿ ಕ್ಲಿಕ್‌ಗಳ ಬಾಳಿಕೆ ಎಂದು ಬರೆದಿತ್ತು. ಇದನ್ನು ಸರಿಪಡಿಸಬಹುದೇ, ಹೊಸದು ಕೊಳ್ಳಲೇ? – ಓದುಗರೊಬ್ಬರು, ರಾಜಾಜಿನಗರ

ಉತ್ತರ: ದಿನಕ್ಕೆ 10,000 ಬಾರಿ ಒತ್ತಿದರೂ ಎರಡು ಕೋಟಿ ತಲುಪಲು ಐದೂವರೆ ವರ್ಷ ಬೇಕು. ಆದ್ದರಿಂದ ನಿಮ್ಮ ಅಸಮಾಧಾನ ನ್ಯಾಯವಾದದ್ದೇ. ಆ ಅಂಕಿ ಯಂತ್ರದಿಂದ ಒಂದೇ ಸಮನೆ ಒತ್ತಿಸಿ ಪರೀಕ್ಷಿಸಿದಾಗಿನದು. ಧೂಳು, ಬೆವರು, ಸಿಟ್ಟಿನ ಒತ್ತುಗಳೆಲ್ಲ ಇರುವ ನಿಜಬಳಕೆಗೆ ಅದು ಭರವಸೆಯಲ್ಲ. ಗುಂಡಿಯ ಕೆಳಗಿನ ಪುಟ್ಟ ಸ್ವಿಚ್‌ನೊಳಗೆ ತೆಳುವಾದ ಲೋಹದ ಎಲೆಯೊಂದಿರುತ್ತದೆ. ಒತ್ತಿದಾಗ ಅದು ಇನ್ನೊಂದು ತುದಿಗೆ ತಾಗಿ ಕೆಲವು ಮಿಲಿಸೆಕೆಂಡು ಪುಟಿಯುತ್ತದೆ, ಆ ಪುಟಿತವನ್ನು ಲೆಕ್ಕಿಸದಿರುವಂತೆ ಮೌಸ್‌ನ ಚಿಪ್‌ಗೆ ಮೊದಲೇ ಹೇಳಿರುತ್ತಾರೆ. ಎಲೆ ದಣಿದು, ತಾಗುವ ಜಾಗ ಸವೆದ ಮೇಲೆ ಪುಟಿತ ಆ ಗಡುವನ್ನು ಮೀರುತ್ತದೆ. ಚಿಪ್ ಅದನ್ನು ಎರಡನೆಯ ಕ್ಲಿಕ್ ಎಂದು ಓದುತ್ತದೆ. ಫೈಲೊಂದನ್ನು ಎಳೆದು ಒಯ್ಯುವಾಗ ನಡುವೆ ಕೈಬಿಟ್ಟುಹೋಗುವುದೂ ಇದೇ ದೋಷದ ಲಕ್ಷಣ.

ಮೊದಲು ಬಿಲ್ ಹುಡುಕಿ. ಗೇಮಿಂಗ್ ಮೌಸ್‌ಗಳಿಗೆ ಎರಡು ವರ್ಷದ ವಾರಂಟಿ ಕೊಡುವ ಕಂಪನಿಗಳಿವೆ. ಹಾಗಿದ್ದರೆ ನಿಮಗಿನ್ನೂ ಹತ್ತು ತಿಂಗಳ ಅವಕಾಶವಿದೆ. ಅಲ್ಲಿಯವರೆಗೆ ಮೌಸನ್ನು ಬಿಚ್ಚಬೇಡಿ, ಏಕೆಂದರೆ ತಿರುಪುಗಳು ಹೆಚ್ಚಾಗಿ ತಳದ ಜಾರುಪಟ್ಟಿಗಳ ಅಡಿಯಲ್ಲಿರುತ್ತವೆ ಮತ್ತು ಪಟ್ಟಿ ಕಿತ್ತದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ವಾರಂಟಿ ಮುಗಿದಿದ್ದರೆ ಸ್ವಿಚ್ ಬದಲಾಯಿಸುವುದು ಖಂಡಿತ ಸಾಧ್ಯ. ಮೂರು ಕಾಲಿನ ಈ ಸ್ವಿಚ್‌ಗಳು ಬಹುತೇಕ ಮೌಸ್‌ಗಳಲ್ಲಿ ಒಂದೇ ಅಳತೆಯವು. ಓಮ್ರಾನ್, ಹುವಾನೊ, ಕೈಲ್ ಕಂಪನಿಗಳ ಬಿಡಿ ಸ್ವಿಚ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಬೆಸುಗೆ ಕೆಲಸ ಬಲ್ಲ ಮೊಬೈಲ್ ರಿಪೇರಿಯವರು ಹಾಕಿಕೊಡಬಲ್ಲರು. ಎರಡೂ ಕಡೆಯ ಸ್ವಿಚ್‌ಗಳನ್ನು ಒಟ್ಟಿಗೇ ಬದಲಿಸಿ, ಇಲ್ಲದಿದ್ದರೆ ಎಡಬಲ ಒತ್ತಿನ ಬಿಗಿ ಬೇರೆಬೇರೆಯಾಗಿ ಕೈಗೆ ಕಿರಿಕಿರಿಯಾಗುತ್ತದೆ. ನಿಮ್ಮ ಹಳೆಯ ಮೌಸ್ ಕೈಗೆ ಚೆನ್ನಾಗಿ ಹೊಂದಿದ್ದರೆ ಈ ರಿಪೇರಿಯನ್ನೇ ಮಾಡಿಸಿ ಎನ್ನುತ್ತೇನೆ. ಹೊಸದೇ ಬೇಕೆಂದಾದರೆ, ಲೋಹದ ಎಲೆಯ ಬದಲು ಬೆಳಕಿನ ಕಿರಣ ತಡೆಯುವುದರಿಂದ ಕ್ಲಿಕ್ ಗುರುತಿಸುವ ಆಪ್ಟಿಕಲ್ ಸ್ವಿಚ್ ಇರುವ ಮೌಸ್ ನೋಡಿ. ಅದರಲ್ಲಿ ಪುಟಿತದಿಂದಾಗುವ ಈ ದೋಷಕ್ಕೆ ಆಸ್ಪದವಿಲ್ಲ. ಪೆಟ್ಟಿಗೆಯ ಮೇಲೆ ಆಪ್ಟಿಕಲ್ ಎಂದಿದ್ದರೆ ಅದು ಸೆನ್ಸರ್ ಕುರಿತ ಮಾತೋ ಸ್ವಿಚ್ ಕುರಿತ ಮಾತೋ ಎಂದು ಅಂಗಡಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.