ಭುಜದ ಹತ್ತಿರ ತೋಳಿನ ಮೂಳೆ ಮುರಿದರೆ ಪ್ಲೇಟ್ ಹಾಕಿಸಲೇಬೇಕಾ?

ಎಲ್ಲರಿಗೂ ಬೇಕಿಲ್ಲ. ಮುರಿದ ತುಂಡುಗಳು ಹೆಚ್ಚು ಸರಿಯದೆ ಇದ್ದಲ್ಲೇ ಇದ್ದರೆ, ಕೈಯನ್ನು ಕೊರಳಿಗೆ ಕಟ್ಟಿಕೊಂಡರೂ ಮೂಳೆ ಕೂಡುತ್ತದೆ. ತುಂಡುಗಳು ತೀರಾ ಸರಿದಿದ್ದರೆ ಪ್ಲೇಟಿನ, ಅಂದರೆ ಸ್ಕ್ರೂ ಹಾಕಿ ಮೂಳೆಗೆ ಬಿಗಿಯುವ ಲೋಹದ ಪಟ್ಟಿಯ ಮಾತು.

ಚಿಕ್ಕಮಗಳೂರಿನ ಮಳೆಯಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಕೈ ಊರಿ ಬೀಳುವ ಅಜ್ಜಿಯರನ್ನು ನೋಡಿದ್ದೀರಲ್ವಾ? ವಯಸ್ಸಾದವರ ಮೂಳೆ ಭುಜದ ತುದಿಯಲ್ಲಿ ರಸ್ಕಿನ ಹಾಗೆ ಟೊಳ್ಳು. ಮಾಮೂಲಿ ಸ್ಕ್ರೂ ಅದರಲ್ಲಿ ಸಡಿಲವಾಗುತ್ತದೆ. ಲಾಕಿಂಗ್ ಪ್ಲೇಟ್ ಅನ್ನುವ ಬಗೆಯಲ್ಲಿ ತೂತಿಗೇ ಥ್ರೆಡ್ (ಸ್ಕ್ರೂ ಮೇಲಿರುವಂಥ ಸುರುಳಿ ಗೀರು) ಇರುತ್ತದೆ, ಸ್ಕ್ರೂವಿನ ತಲೆ ಪ್ಲೇಟಿಗೇ ಬಿಗಿದುಕೊಳ್ಳುತ್ತದೆ. ಎರಡೂ ಸೇರಿ ಒಂದೇ ಚೌಕಟ್ಟಾಗುವುದರಿಂದ ಮೂಳೆ ಮೆತ್ತಗಿದ್ದರೂ ಹಿಡಿತ ಸುಲಭಕ್ಕೆ ಬಿಡುವುದಿಲ್ಲ. ಆದರೂ ಕೆಲವೊಮ್ಮೆ ಸ್ಕ್ರೂ ತುದಿ ಕೀಲಿನೊಳಗೆ ಚುಚ್ಚುವುದುಂಟು.

ಪ್ಲೇಟ್ ಹಾಕಿದರೂ ಬಿಟ್ಟರೂ ಕೈಯನ್ನು ತಿಂಗಳುಗಟ್ಟಲೆ ಸುಮ್ನೆ ಇಟ್ಟರೆ ಭುಜ ಬಿಗಿದುಹೋಗುತ್ತದೆ. ಡಾಕ್ಟರು ಹೇಳಿದಾಗ ಮುಂದೆ ಬಾಗಿ, ಕೈ ಇಳಿಬಿಟ್ಟು ಮೆಲ್ಲಗೆ ತೂಗಾಡಿಸಬೇಕು.