ಊರೇ ಸಾಕ್ಷಿ ಇದ್ದರೂ ಮದುವೆಗೆ ಸರ್ಕಾರ ಯಾಕೆ ಬೇಕು: ರಾಯಚೂರಿನಿಂದ ಒಂದು ಉತ್ತರ

ಮದುವೆ ಇಬ್ಬರ ಖಾಸಗಿ ವಿಷಯ, ಅದಕ್ಕೆ ಸರ್ಕಾರದ ಮಾನ್ಯತೆ ಯಾಕೆ ಅಂತ ಕೇಳಿದಿರಿ. ಇಬ್ಬರೂ ದುಡಿಯುವ, ಇಬ್ಬರ ಹೆಸರಲ್ಲೂ ಬ್ಯಾಂಕ್ ಖಾತೆ ಇರುವ ಮನೆಯಲ್ಲಿ ಆ ಪ್ರಶ್ನೆ ಸರಿ ಅನ್ನಿಸಬಹುದು. ನಮ್ಮ ಕಡೆ ಮದುವೆ ಹೇಗೆ ಆಗುತ್ತದೆ ಅಂತ ನೋಡಿದರೆ ನೀವೂ ಬೇರೆ ಥರ ಯೋಚನೆ ಮಾಡ್ತೀರಿ.

ನಮ್ಮದು ಕೃಷ್ಣಾ, ತುಂಗಭದ್ರೆಯ ನಡುವಿನ ಸೀಮೆ. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತೆಲಂಗಾಣ. ಬೀಗತನಕ್ಕೆ ಈ ಗಡಿ ಯಾವತ್ತೂ ಅಡ್ಡ ಬಂದಿಲ್ಲ. ಆದೋನಿಯ ಹೆಣ್ಣು ಮಾನ್ವಿಗೆ ಬರುತ್ತಾಳೆ, ನಮ್ಮ ಹುಡುಗಿ ಗದ್ವಾಲಕ್ಕೆ ಹೋಗುತ್ತಾಳೆ. ಹಿರಿಯರು ಕೂತು ಮಾತಾಡುತ್ತಾರೆ, ಎಲೆ ಅಡಿಕೆ ಆಗುತ್ತದೆ, ಅಕ್ಕಿಕಾಳು ಬೀಳುತ್ತವೆ, ಊಟ ಆಗುತ್ತದೆ. ಮದುವೆ ಆಯ್ತು. ಕಚೇರಿಗೆ ಹೋಗಿ ನೋಂದಣಿ ಮಾಡಿಸುವವರು ಹೆಚ್ಚಾಗಿ ನೌಕರಿಯವರು, ಪಾಸ್‌ಪೋರ್ಟ್ ಬೇಕಾದವರು. ಇನ್ನು ಗಂಡ ಸತ್ತವಳಿಗೆ, ಗಂಡ ಬಿಟ್ಟವಳಿಗೆ ಮತ್ತೊಂದು ಮದುವೆ ಮಾಡುವ ಉಡಿಕಿ ಪದ್ಧತಿ ಹಲವು ಸಮುದಾಯಗಳಲ್ಲಿದೆ. ಅದು ನಾಲ್ಕು ಜನರ ಮುಂದೆ ಸದ್ದಿಲ್ಲದೆ ಮುಗಿಯುತ್ತದೆ. ಎಷ್ಟೋ ಸಲ ಒಂದು ಫೋಟೋ ಕೂಡ ಇರುವುದಿಲ್ಲ.

ಇಂಥ ಮದುವೆಗಳನ್ನು ಕಾನೂನು ತಳ್ಳಿಹಾಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಗೆ ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ಸಂಪ್ರದಾಯದ ಪ್ರಕಾರ ನಡೆದಿದ್ದರೆ ಸಾಕು. ನೋಂದಣಿ ಆಗಲಿಲ್ಲ ಅಂತ ಮದುವೆ ಬಿದ್ದುಹೋಗುವುದಿಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಆ ಕಾಯ್ದೆಯಲ್ಲಿ ನಿಷಿದ್ಧ ಸಂಬಂಧ. ಆದರೆ ರೂಢಿ ಇದ್ದ ಕಡೆ ವಿನಾಯಿತಿ ಇದೆ. (ಆ ಸಂಬಂಧ ಇನ್ನಾದರೂ ನಿಲ್ಲಬೇಕು ಅಂತ ನನ್ನ ಆಸೆ.) ಹಿರಿಯರು ಕೂತು ಕೊಡಿಸುವ ಸೋಡಚೀಟಿಗೂ (ಗಂಡ ಹೆಂಡತಿ ಬೇರೆಯಾದರು ಅಂತ ಬರೆದ ಚೀಟಿ), ಹಾಗೆ ಬಿಡಿಸುವ ರೂಢಿ ಇದೆ ಅಂತ ಸಾಬೀತಾದರೆ ಬೆಲೆ ಇದೆ.

ಹಾಗಾದರೆ ಊರಿನವರೇ ಸಾಕಲ್ವಾ? ಎಲ್ಲ ಚೆನ್ನಾಗಿರುವ ತನಕ ಸಾಕು.

ನಮ್ಮ ಓಣಿಗೆ ಉಡಿಕಿ ಮಾಡಿಕೊಂಡು ಬಂದ ಒಬ್ಬ ಹೆಣ್ಣುಮಗಳಿದ್ದಾಳೆ. ತವರು ಹೊಳೆಯಾಚೆ. ಗಂಡ ಹೆಂಡತಿ ಬೆಂಗಳೂರಿಗೆ ಗುಳೆ ಹೋಗಿ ಗಾರೆ ಕೆಲಸ ಮಾಡುತ್ತಿದ್ದರು. ಅಲ್ಲೇ ಗಂಡ ತೀರಿಕೊಂಡ. ಹೊಲದ ಪಹಣಿ ಅವನ ಹೆಸರಲ್ಲಿತ್ತು. ಅದನ್ನು ವಾರಸುದಾರಳಾಗಿ ತನ್ನ ಹೆಸರಿಗೆ ಪೌತಿ ಖಾತೆ ಮಾಡಿಸಲು ಹೋದಾಗ ಮೈದುನ "ಇವಳು ಯಾರು?" ಅಂದ. ಅವಳ ಆಧಾರ್‌ನಲ್ಲಿ ಇದ್ದದ್ದು ಅಪ್ಪನ ಹೆಸರು, ಆಂಧ್ರದ ವಿಳಾಸ. ರೇಷನ್ ಕಾರ್ಡಿಗೆ ಹೆಸರೇ ಸೇರಿಸಿರಲಿಲ್ಲ. ಉಡಿಕಿಯಲ್ಲಿ ಕೂತಿದ್ದ ಹಿರಿಯರನ್ನು ಕರೆದರೆ, ಒಬ್ಬರು ಮೈದುನನ ಮುಖ ನೋಡಿ "ನನಗೆ ನೆನಪಿಲ್ಲವ್ವ" ಅಂದುಬಿಟ್ಟರು. ಆ ಮಾತಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಕೊನೆಗೆ ಅವಳ ಕೈ ಹಿಡಿದದ್ದು ಬಸುರಿ ಇದ್ದಾಗ ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟ ತಾಯಿ ಕಾರ್ಡ್. ಅದರಲ್ಲಿ ಗಂಡನ ಹೆಸರು ಇತ್ತು. ಆ ಮಾಸಿದ ಕಾರ್ಡ್ ಮೇಲೆ ಎರಡು ವರ್ಷ ಓಡಾಡಿ ಅವಳು ಹೊಲ ಉಳಿಸಿಕೊಂಡಳು.

ಸರ್ಕಾರ ಬೇಡ, ಮದುವೆಗೆ ಮುಂಚೆ ಇಬ್ಬರೂ ಕರಾರು ಬರೆದುಕೊಳ್ಳಲಿ ಅನ್ನುವವರಿದ್ದಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ ಬೀಗರ ಎದುರು ಕೂತು ಯಾವ ಕರಾರು ಬರೆಸುತ್ತಾಳೆ ಹೇಳಿ. ಜೀವನಾಂಶ, ಗಂಡನ ಆಸ್ತಿಯಲ್ಲಿ ಪಾಲು, ಇವು ಅವಳು ಬಾಯಿಬಿಟ್ಟು ಕೇಳದಿದ್ದರೂ ಕಾನೂನಿನಿಂದ ಬರಬೇಕು.

ವಯಸ್ಸಿನ ಮಾತೂ ಇದೆ. ಬಸವ ಜಯಂತಿಯ ಸಾಮೂಹಿಕ ಮದುವೆಗಳಲ್ಲಿ ಹೆಣ್ಣಿಗೆ 18, ಗಂಡಿಗೆ 21 ತುಂಬಿದೆಯಾ ಅಂತ ಶಾಲೆಯ ಟಿಸಿ ನೋಡುತ್ತಾರೆ. 2006ರ ಬಾಲ್ಯವಿವಾಹ ಕಾಯ್ದೆಗೆ ನಮ್ಮ ರಾಜ್ಯ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂತ ಮಾಡಿದೆ. ಕೇಂದ್ರದ ಮೂಲ ಕಾಯ್ದೆಯಲ್ಲಾದರೆ ಸಾಮಾನ್ಯವಾಗಿ ಆ ಹುಡುಗಿಯೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಮದುವೆಯಿಂದ ಸರ್ಕಾರ ಕೈ ತೆಗೆದರೆ ಈ ಬೇಲಿಯೂ ಹೋಗುತ್ತದೆ.

ಹಾಗಂತ ಎಲ್ಲ ಹಕ್ಕನ್ನೂ ಮದುವೆಗೇ ಕಟ್ಟುವುದೂ ತಪ್ಪು. ದೇವರ ಹೆಸರಲ್ಲಿ ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣನ್ನು ಮದುವೆ ಮಾಡದೆ ದೇವದಾಸಿಯಾಗಿ ಬಿಡುವುದನ್ನು, 1982ರಲ್ಲೇ ಕಾನೂನು ನಿಷೇಧಿಸಿತು. ಆದರೂ ಆ ತಾಯಂದಿರ ಮಕ್ಕಳು ಅರ್ಜಿಯಲ್ಲಿ ತಂದೆಯ ಹೆಸರು ಅಂತ ಇರುವ ಕಡೆ ಏನು ಬರೆಯಬೇಕು ಅಂತ ತಿಳಿಯದೆ ತಲೆ ತಗ್ಗಿಸಿ ನಿಂತದ್ದನ್ನು ಈ ಸೀಮೆ ನೋಡಿದೆ. ಮಗುವಿನ ಹಕ್ಕಿಗೆ ತಾಯಿಯ ಹೆಸರು ಸಾಕಾಗಬೇಕು.

ಸರ್ಕಾರದಿಂದ ನಾನು ಕೇಳುವುದು ಇಷ್ಟು. ನೋಂದಣಿಯ ಮೇಜನ್ನು ಸಾಮೂಹಿಕ ಮದುವೆಯ ಪೆಂಡಾಲಿಗೇ ತರಲಿ. ಉಡಿಕಿಯನ್ನೂ ಪಂಚಾಯ್ತಿಯಲ್ಲೇ ಬರೆದುಕೊಳ್ಳಲಿ. ಹುಡುಗಿಯ ಟಿಸಿ ತೆಲುಗಿನಲ್ಲಿದೆ ಅಂತ ಯಾರನ್ನೂ ವಾಪಸ್ ಕಳಿಸಬಾರದು. ಈ ಗಡಿಯಲ್ಲಿ ತೆಲುಗು ಓದಲು ಬರುವವರಿಗೇನೂ ಬರ ಇಲ್ಲ.