72 ಪಾಯಿಂಟ್ ಕೊಟ್ಟರೂ ಅಕ್ಷರ ಒಂದಿಂಚು ಬರಲ್ಲ, ಯಾಕೆ?

ಬಾಗಿಲ ಬೋರ್ಡಿಗೆ ಕಂಪ್ಯೂಟರಿನಲ್ಲಿ ಫಾಂಟ್ ಗಾತ್ರ 72 ಪಾಯಿಂಟ್ ಇಟ್ಟರೂ ‘ಕ’ ಒಂದಿಂಚು ಎತ್ತರ ಬರಲಿಲ್ಲ ಅಂದಿದ್ದೀರಿ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ: 72 ಪಾಯಿಂಟ್ ಅಂದರೆ ಒಂದಿಂಚು, 25.4 ಮಿ.ಮೀ. ಆದರೆ ಅದು ಅಕ್ಷರದ ಅಳತೆಯಲ್ಲ, ಅಕ್ಷರ ಕೂತಿರುವ ಚೌಕದ್ದು. ಅಚ್ಚಿಗೆ ಒಂದೊಂದೇ ಅಕ್ಷರದ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ, ಅಕ್ಷರವನ್ನಲ್ಲ, ಅದನ್ನು ಹೊತ್ತ ಸೀಸದ ಮೊಳೆಯ ಮೈಯನ್ನೇ ಅಳೆಯುತ್ತಿದ್ದರು, ಆ ಪದ್ಧತಿ ಹಾಗೇ ಉಳಿದಿದೆ. ಏರಿಯಲ್ ಫಾಂಟ್‌ನ ಇಂಗ್ಲಿಷ್ ದೊಡ್ಡಕ್ಷರವೂ 72 ಪಾಯಿಂಟ್‌ನಲ್ಲಿ ಸುಮಾರು 18 ಮಿ.ಮೀ. ಅಷ್ಟೇ.

ಕನ್ನಡದ್ದು ಇನ್ನೂ ಇಕ್ಕಟ್ಟು. ‘ಸ್ತ್ರೀ’ ಅಂತ ಟೈಪ್ ಮಾಡಿ ನೋಡಿ, ಎರಡೆರಡು ಒತ್ತಿಗೆ ಕೆಳಗೆ ಜಾಗ ಬಿಡಲೇಬೇಕಲ್ಲ! ಫಾಂಟ್ ಬದಲಾದರೆ ಎತ್ತರವೂ ಬದಲಾಗುತ್ತದೆ.

100 ಪಾಯಿಂಟ್‌ನಲ್ಲಿ ‘ಕ’ ಪ್ರಿಂಟ್ ತೆಗೆದು (ಹಾಳೆಗೆ ಹೊಂದುವಂತೆ ಗಾತ್ರ ಬದಲಿಸುವ ‘ಫಿಟ್ ಟು ಪೇಜ್’ ಆಯ್ಕೆಯನ್ನು ಮೊದಲೇ ಆಫ್ ಮಾಡಿ) ಸ್ಕೇಲ್ ಇಟ್ಟು ಅಳೆಯಿರಿ. 15 ಮಿ.ಮೀ. ಬಂತು ಅನ್ನಿ, 25.4ನ್ನು 15ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು 169. ಅಷ್ಟು ಪಾಯಿಂಟ್ ಕೊಡಿ.